ನೋಡಿದ ಸಿನಿಮಾದ ಲೆಕ್ಕ ಎಲ್ಲಿಡುವುದು? ಕರಾವಳಿಯ ಪ್ರೇಕ್ಷಕರಿಗೆ ಆ್ಯಪ್ ಆಯ್ಕೆಯ ಮಾರ್ಗದರ್ಶಿ

ಊಟ ಮುಗಿಸಿ ಟಿವಿ ಹಾಕಿ, ಮೂರು ಓಟಿಟಿಗಳಲ್ಲಿ ಅರ್ಧ ಗಂಟೆ ಹುಡುಕಿ, ಯಾವುದೂ ಒಪ್ಪಿಗೆಯಾಗದೆ ಫೋನ್ ಹಿಡಿದು ಮಲಗುವುದು: ಸಿನಿಮಾ ನೋಡುವ ಅಭ್ಯಾಸ ಹೆಚ್ಚಿನ ಮನೆಗಳಲ್ಲಿ ತಪ್ಪಿದ್ದು ಹೀಗೆ. ಪುರುಸೊತ್ತು ಇಲ್ಲ ಅಂತಲ್ಲ, ಏನು ನೋಡುವುದೆಂದು ಮೊದಲೇ ನಿಶ್ಚಯವಾಗಿರುವುದಿಲ್ಲ, ಅಷ್ಟೆ. ಲೆಕ್ಕ ಇಡುವ ಆ್ಯಪ್‌ನಿಂದ ಆಗಬೇಕಾದ ಕೆಲಸ ಎರಡೇ. ಮುಂದೆ ನೋಡಬೇಕಾದದ್ದನ್ನು ಒಂದೆಡೆ ಇಟ್ಟುಕೊಡಬೇಕು; ನೋಡಿದ್ದನ್ನು ತಾರೀಕಿನ ಸಮೇತ ಉಳಿಸಬೇಕು. ಶಿಫಾರಸು, ಬ್ಯಾಡ್ಜ್, ಫಾಲೋವರ್ಸ್ ಎಲ್ಲ ಆಮೇಲಿನ ಮಾತು.

ಬೆಂಗಳೂರಿನವರ ಯೂಟ್ಯೂಬ್ ವಿಡಿಯೋ ನೋಡಿ ಆ್ಯಪ್ ಹಾಕಿಕೊಂಡರೆ ಮಂಗಳೂರು, ಉಡುಪಿಯವರಿಗೆ ಒಂದು ತೊಡಕು ತಪ್ಪಿದ್ದಲ್ಲ. ನಾವು ತುಳು ನೋಡುತ್ತೇವೆ, ಆಗೊಂದು ಈಗೊಂದು ಕೊಂಕಣಿ ನೋಡುತ್ತೇವೆ, ಮಲಯಾಳವಂತೂ ಇಲ್ಲಿ ಪರಭಾಷೆ ಅನ್ನಿಸುವುದೇ ಇಲ್ಲ. ಈ ಆ್ಯಪ್‌ಗಳ ಹಿಂದಿರುವ ದತ್ತಾಂಶಕ್ಕೆ ಇದೆಲ್ಲ ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ಖಾತೆ ತೆರೆಯುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ.

ಮೊದಲು ಐದು ಸಿನಿಮಾ ಹುಡುಕಿ

ಹಳೆಯ ತುಳು ಸಿನಿಮಾ ಒಂದು, ಕಳೆದ ವರ್ಷ ಥಿಯೇಟರಿನಲ್ಲಿ ನೋಡಿದ ತುಳು ಸಿನಿಮಾ ಒಂದು, ಕೊಂಕಣಿಯದೋ ಬ್ಯಾರಿಯದೋ ಒಂದು, ದೊಡ್ಡ ಕನ್ನಡ ಸಿನಿಮಾ ಒಂದು, ಎರಡು ಸಲ ನೋಡಿದ ಯಾವುದಾದರೂ ಒಂದು. ಈ ಐದನ್ನೂ ಲೆಟರ್‌ಬಾಕ್ಸ್ಡ್, ಐಎಂಡಿಬಿ, ಟ್ರ್ಯಾಕ್ಟ್ ಹೀಗೆ ಮುಂದೆ ಹೇಳುವ ಪ್ರತಿ ಆ್ಯಪ್‌ನಲ್ಲಿ ಹುಡುಕಿ.

ಹಳೆಯದಕ್ಕೆ 1971ರ ಮೊದಲ ತುಳು ಚಿತ್ರ ‘ಎನ್ನ ತಂಗಡಿ’ಯನ್ನೇ ತೆಗೆದುಕೊಳ್ಳಬಹುದು. ಇಂಗ್ಲಿಷಿನಲ್ಲಿ ‘ತಂಗಡಿ’ಯ ತಕಾರದ ಮುಂದೆ ಹೆಚ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಹುಡುಕಿ. ತುಳು ಹೆಸರುಗಳು ಸಿಗದಿರುವುದು ಬಹಳ ಸಲ ಸ್ಪೆಲಿಂಗ್ ದೆಸೆಯಿಂದ: ದೀರ್ಘಕ್ಕೆ ಒಬ್ಬರು ಎರಡು ‘ಎ’ ಬರೆಯುತ್ತಾರೆ, ಇನ್ನೊಬ್ಬರು ಒಂದೇ. ಮೂರು ಬಗೆಯಲ್ಲಿ ಹುಡುಕಿಯೂ ಸಿಗದಿದ್ದರೆ ನಿರ್ದೇಶಕರ ಹೆಸರು ಹಾಕಿ ಅವರ ಪುಟದಿಂದ ಒಳಹೋಗಿ. ಕನ್ನಡ ಲಿಪಿಯಲ್ಲೂ ಒಮ್ಮೆ ಬರೆದು ನೋಡಿ; ಮೂಲ ಹೆಸರನ್ನು ಯಾರಾದರೂ ಕನ್ನಡದಲ್ಲಿ ತುಂಬಿಸಿದ್ದರೆ ಅದು ಸೀದಾ ಸಿಗುತ್ತದೆ.

ದೊಡ್ಡ ಸಿನಿಮಾದಲ್ಲಿ ಆಗುವ ಎಡವಟ್ಟು ಬೇರೆ. ‘ಕಾಂತಾರ’ ಎಂದು ಹುಡುಕಿದರೆ 2022ರದ್ದೂ ಬರುತ್ತದೆ, 2025ರ ‘ಚಾಪ್ಟರ್ 1’ ಕೂಡ ಬರುತ್ತದೆ. ಕತೆಯಲ್ಲಿ ಹಿಂದಿನದ್ದು ಬಿಡುಗಡೆಯಲ್ಲಿ ನಂತರದ್ದು, ಅದರ ಮೇಲೆ ಹೆಸರಲ್ಲಿ ‘1’ ಬೇರೆ. ವರ್ಷ ನೋಡದೆ ಒತ್ತಿದರೆ ತಪ್ಪಾದದ್ದಕ್ಕೇ ಸ್ಟಾರ್ ಬೀಳುತ್ತದೆ.

ತುಳುವಿಗೆ ಎರಡಕ್ಷರದ ಸಂಕೇತ ಇಲ್ಲ

ಆ್ಯಪ್‌ಗಳಲ್ಲಿ ಹೆಚ್ಚಿನವು ಸಿನಿಮಾ ವಿವರವನ್ನು ತಾವೇ ಸಂಗ್ರಹಿಸುವುದಿಲ್ಲ. ಲೆಟರ್‌ಬಾಕ್ಸ್ಡ್ ಮತ್ತು ಟ್ರ್ಯಾಕ್ಟ್ ಎರಡೂ ಟಿಎಂಡಿಬಿ ಎಂಬ, ಬಳಕೆದಾರರೇ ತುಂಬಿಸುವ ದತ್ತಾಂಶ ತಾಣದಿಂದ ತೆಗೆದುಕೊಳ್ಳುತ್ತವೆ. ಟಿಎಂಡಿಬಿ ಭಾಷೆಗಳನ್ನು ಗುರುತಿಸುವುದು ಎರಡಕ್ಷರದ ಅಂತರರಾಷ್ಟ್ರೀಯ ಸಂಕೇತದಿಂದ. ಕನ್ನಡಕ್ಕೆ ‘ಕೆಎನ್’, ಮಲಯಾಳಕ್ಕೆ ‘ಎಂಎಲ್’ ಇದೆ. ತುಳುವಿಗಿರುವುದು ಮೂರಕ್ಷರದ ‘ಟಿಸಿವೈ’ ಮಾತ್ರ, ಕೊಂಕಣಿಗೆ ‘ಕೆಒಕೆ’ ಮಾತ್ರ. ಪರಿಣಾಮ ಏನೆಂದರೆ, ಟಿಎಂಡಿಬಿಯಲ್ಲಿ ಸಿನಿಮಾ ಸೇರಿಸುವವರಿಗೆ ‘ತುಳು’ ಎಂಬ ಆಯ್ಕೆಯೇ ಕಾಣುವುದಿಲ್ಲ. ಅವರು ಕನ್ನಡವನ್ನೋ ಬೇರೆ ಏನನ್ನೋ ಒತ್ತುತ್ತಾರೆ. ಅಲ್ಲಿಂದ ಅದು ಲೆಟರ್‌ಬಾಕ್ಸ್ಡ್‌ಗೂ ಹಾಗೆಯೇ ಬರುತ್ತದೆ. ವರ್ಷದ ಕೊನೆಗೆ ನೀವು ಹನ್ನೆರಡು ಕನ್ನಡ ಸಿನಿಮಾ ನೋಡಿದಿರಿ ಎಂದು ಆ್ಯಪ್ ಹೇಳಿದರೆ ಅದರಲ್ಲಿ ಐದು ತುಳುವಿನದ್ದಾಗಿರಬಹುದು.

ಸಿನಿಮಾ ವಿವರಗಳ ಹಳೆಯ ತಾಣ ಐಎಂಡಿಬಿ ಈ ವಿಷಯದಲ್ಲಿ ಮೇಲು. ಅದರ ಭಾಷಾ ಪಟ್ಟಿಯಲ್ಲಿ ತುಳು, ಕೊಂಕಣಿ ಬೇರೆಬೇರೆಯಾಗಿಯೇ ಇವೆ.

ಡಬ್ಬಿಂಗಿನ ಲೆಕ್ಕ ಎಲ್ಲೂ ಸರಿಹೋಗುವುದಿಲ್ಲ. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು, ತುಳು ಆವೃತ್ತಿ ಅದೇ ವರ್ಷ ಡಿಸೆಂಬರಿನಲ್ಲಿ ಬಂತು. ಎರಡೂ ನೋಡಿದವರಿಗೆ ಎಲ್ಲ ಆ್ಯಪ್‌ಗಳಲ್ಲೂ ಸಿಗುವುದು ಒಂದೇ ಪುಟ. ತುಳುವಿನಲ್ಲಿ ನೋಡಿದ್ದೆಂದು ನೀವೇ ಟ್ಯಾಗ್ ಹಾಕಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಲೆಟರ್‌ಬಾಕ್ಸ್ಡ್: ದಿನಚರಿಗೆ ಇದೇ ಸರಿ

2011ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಶುರುವಾದದ್ದು. ಸಿನಿಮಾಕ್ಕೆಂದೇ ಮಾಡಿದ್ದು, ವೆಬ್ ಸೀರೀಸ್ ನೋಡುವವರಿಗಲ್ಲ. ಉಚಿತ ಖಾತೆಯಲ್ಲಿ ದಿನಚರಿ, ವಾಚ್‌ಲಿಸ್ಟ್, ಪಟ್ಟಿಗಳು, ಟ್ಯಾಗ್, ಅರ್ಧ ಸ್ಟಾರ್ ಲೆಕ್ಕದಲ್ಲಿ ಐದರವರೆಗೆ ರೇಟಿಂಗ್, ಎಲ್ಲವನ್ನೂ ಇಳಿಸಿಕೊಳ್ಳುವ ಸೌಲಭ್ಯ ಇಷ್ಟೂ ಇದೆ. ಹೆಚ್ಚಿನವರಿಗೆ ದುಡ್ಡು ಕೊಡುವ ಅಗತ್ಯ ಬೀಳುವುದಿಲ್ಲ.

ಹೊಸಬರು ತಪ್ಪುವುದು ಒಂದೇ ಜಾಗದಲ್ಲಿ. ಸಿನಿಮಾ ಪುಟದಲ್ಲಿ ಕಣ್ಣಿನ ಚಿತ್ರ ಒತ್ತಿದರೆ ‘ನೋಡಿದ್ದು’ ಎಂದಷ್ಟೇ ದಾಖಲಾಗುತ್ತದೆ, ತಾರೀಕು ಬೀಳುವುದಿಲ್ಲ. ಸ್ಟಾರ್ ಮಾತ್ರ ಹಾಕಿದರೂ ಅದೇ ಕತೆ. ಆರು ತಿಂಗಳು ಹೀಗೆ ಮಾಡಿ ದಿನಚರಿ ತೆರೆದರೆ ಅದು ಖಾಲಿ. ದಿನಚರಿಗೆ ಹೋಗಬೇಕಾದರೆ ಪ್ಲಸ್ ಗುರುತು ಒತ್ತಿ, ಹೆಸರು ಹುಡುಕಿ, ವರ್ಷ ನೋಡಿ ಆರಿಸಿ, ತಾರೀಕು ಇಟ್ಟು, ಸ್ಟಾರ್ ಕೊಟ್ಟು ಉಳಿಸಬೇಕು. ಮುಕ್ಕಾಲು ನಿಮಿಷದ ಕೆಲಸ. ಸೆಕೆಂಡ್ ಶೋ ನೋಡಿ ಬಂದವರು ತಾರೀಕನ್ನು ಒಮ್ಮೆ ಗಮನಿಸಿ: ಹನ್ನೆರಡು ದಾಟಿದ ಮೇಲೆ ಬರೆದರೆ ಆ್ಯಪ್ ಮರುದಿನದ ತಾರೀಕನ್ನೇ ತಾನಾಗಿ ಇಡುತ್ತದೆ. ಎರಡನೆಯ ಸಲ ನೋಡಿದ್ದಾದರೆ ಮರುವೀಕ್ಷಣೆಯ ಗುರುತು ಹಾಕಿ ಹೊಸ ದಾಖಲೆಯನ್ನೇ ಮಾಡಿ, ಹಳೆಯದನ್ನು ತಿದ್ದಬೇಡಿ.

ಭಾಷೆಯ ಸಮಸ್ಯೆಗೆ ಇಲ್ಲಿ ಟ್ಯಾಗ್ ಒಳ್ಳೆಯ ಉಪಾಯ. ಪ್ರತಿ ತುಳು ಸಿನಿಮಾಕ್ಕೆ ‘ತುಳು’ ಎಂಬ ಟ್ಯಾಗ್, ಥಿಯೇಟರಿಗೆ ಇನ್ನೊಂದು: ಭಾರತ್ ಮಾಲ್, ಸಿಟಿ ಸೆಂಟರ್, ಉಡುಪಿ ಕಲ್ಪನಾ, ಮನೆ. ನಿಮ್ಮ ಪುಟದಲ್ಲಿ ಆ ಟ್ಯಾಗ್ ಒತ್ತಿದರೆ ಅಷ್ಟೂ ಸಿನಿಮಾ ಒಟ್ಟಿಗೆ ಬರುತ್ತವೆ. ಒಂದು ಟ್ಯಾಗಿಗೆ ಒಂದೇ ಕಾಗುಣಿತ ಇರಲಿ. ಒಮ್ಮೆ ಏಕವಚನ, ಒಮ್ಮೆ ಬಹುವಚನ, ಒಮ್ಮೆ ಊರಿನ ಹೆಸರು ಸೇರಿಸಿ ಬರೆದರೆ ಮೂರು ಟ್ಯಾಗ್ ಆಗಿ ಒಡೆಯುತ್ತದೆ.

ಸಿನಿಮಾವೇ ಇಲ್ಲದಿದ್ದರೆ? ಲೆಟರ್‌ಬಾಕ್ಸ್ಡ್‌ನಲ್ಲಿ ಸೇರಿಸಲು ಆಗುವುದಿಲ್ಲ, ಟಿಎಂಡಿಬಿಯಲ್ಲಿ ಸೇರಿಸಬೇಕು. ಉಚಿತ ಖಾತೆ ತೆರೆದು, ಮೇಲಿನ ಪ್ಲಸ್ ಗುರುತಿನಿಂದ ಹೊಸ ಸಿನಿಮಾ ಸೇರಿಸುವ ಪುಟಕ್ಕೆ ಹೋಗಿ. ಮೂಲ ಹೆಸರು ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಹೆಸರು ಪೋಸ್ಟರಿನಲ್ಲಿರುವ ಸ್ಪೆಲಿಂಗಿನಲ್ಲಿ, ಬಿಡುಗಡೆಯ ದಿನ, ಎರಡು ಮೂರು ಸಾಲಿನ ಕಥಾಸಾರ, ನಿರ್ದೇಶಕರು, ಮುಖ್ಯ ನಟರು ಇಷ್ಟಿದ್ದರೆ ಸಾಕು. ಪೋಸ್ಟರ್ ನಿಂತ ಆಕಾರದ್ದು, ಅಗಲ ಎತ್ತರ 2:3 ಅನುಪಾತದಲ್ಲಿ, ಕನಿಷ್ಠ 500×750 ಪಿಕ್ಸೆಲ್ ಇರಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಚೌಕದ ಪೋಸ್ಟರ್ ಹಾಕಲು ಹೋದರೆ ತಿರಸ್ಕೃತವಾಗುತ್ತದೆ. ಸೇರಿಸಿದ ಪುಟದ ವಿಳಾಸದಲ್ಲಿ ಒಂದು ಸಂಖ್ಯೆ ಇರುತ್ತದೆ. ಲೆಟರ್‌ಬಾಕ್ಸ್ಡ್ ತಾಣದ ವಿಳಾಸದ ಕೊನೆಗೆ ಓರೆಗೆರೆ, ‘ಟಿಎಂಡಿಬಿ’, ಮತ್ತೊಂದು ಓರೆಗೆರೆ, ಆ ಸಂಖ್ಯೆ ಬರೆದರೆ ಆ ಸಿನಿಮಾದ ಪುಟಕ್ಕೇ ಹೋಗಬಹುದು. ಕೂಡಲೇ ಬರದಿದ್ದರೆ ಮರುದಿನ ನೋಡಿ. ಹುಡುಕದೆ ಸೇರಿಸಿ ಒಂದೇ ಸಿನಿಮಾಕ್ಕೆ ಎರಡು ಪುಟ ಮಾಡಿಡಬೇಡಿ; ಆಮೇಲೆ ಒಂದನ್ನು ಅಳಿಸಿದಾಗ ಅದಕ್ಕೆ ಹಾಕಿದ ದಾಖಲೆಗಳಿಗೂ ತೊಂದರೆ.

ದುಡ್ಡು ಕೊಟ್ಟರೆ ಏನು ಸಿಗುತ್ತದೆ? ಪ್ರೊ ಚಂದಾ ಅವರ ತಾಣದಲ್ಲಿ ವರ್ಷಕ್ಕೆ 19 ಡಾಲರ್, ಪೇಟ್ರನ್ 49 ಡಾಲರ್. ಜಾಹೀರಾತು ಇರುವುದಿಲ್ಲ, ಅಂಕಿಅಂಶದ ಪುಟ ಬರುತ್ತದೆ, ವಾಚ್‌ಲಿಸ್ಟನ್ನು ನಿಮ್ಮ ಓಟಿಟಿಗಳಿಗೆ ತಕ್ಕಂತೆ ಸೋಸಬಹುದು. ಮೊದಲ ವರ್ಷ ಬೇಡ. ಕೊಡುವುದಾದರೆ, ಡೆಬಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮೊದಲು ತೆರೆದುಕೊಳ್ಳಿ. ಪಾವತಿ ವಿಫಲವಾಗುವುದು ಬಹಳ ಸಲ ಅದಿಲ್ಲದೆ.

ಇನ್ನೊಂದು ಮಾತು. ಇಲ್ಲಿ ನಿಮ್ಮ ಪುಟ ಎಲ್ಲರಿಗೂ ಕಾಣುತ್ತದೆ. ನಮ್ಮ ಊರು ಸಣ್ಣದು, ತುಳು ಚಿತ್ರರಂಗ ಇನ್ನೂ ಸಣ್ಣದು. ನೀವು ಒಂದೂವರೆ ಸ್ಟಾರ್ ಕೊಟ್ಟ ಸಿನಿಮಾದ ಕ್ಯಾಮರಾದವರು ಮುಂದಿನ ಮದುವೆ ಊಟದಲ್ಲಿ ನಿಮ್ಮ ಪಕ್ಕದ ಎಲೆಯಲ್ಲೇ ಕೂತಿರಬಹುದು. ನಿಜ ಹೆಸರು ಹಾಕದೆ ಖಾತೆ ತೆರೆದರೆ ಮನಸ್ಸಿಗೆ ಬಂದದ್ದನ್ನು ಬರೆಯಬಹುದು.

ಐಎಂಡಿಬಿ: ಹುಡುಕಲು ಚೆನ್ನ, ದಿನಚರಿಗೆ ಅಲ್ಲ

1990ರಿಂದ ಇರುವುದು, 1998ರಿಂದ ಅಮೆಜಾನ್ ಕೈಯಲ್ಲಿದೆ. ತುಳು, ಕೊಂಕಣಿ ಭಾಷೆಯ ಹೆಸರಿನಿಂದಲೇ ಹುಡುಕಬಹುದೆಂಬುದು ಇದರ ದೊಡ್ಡ ಗುಣ. ತೊಂದರೆ ಎಲ್ಲೆಂದರೆ, ಇಲ್ಲಿ ಉಳಿಯುವುದು ನೀವು ರೇಟಿಂಗ್ ಕೊಟ್ಟ ತಾರೀಕು, ಸಿನಿಮಾ ನೋಡಿದ ತಾರೀಕಲ್ಲ. ಒಂದು ಸಿನಿಮಾಕ್ಕೆ ಒಂದೇ ರೇಟಿಂಗ್; ಎರಡನೆಯ ಸಲ ನೋಡಿ ಬದಲಿಸಿದರೆ ಹಿಂದಿನದು ಹೋಗುತ್ತದೆ. ಹೊಸ ಸಿನಿಮಾಗಳ ಸರಾಸರಿ ಅಂಕವನ್ನು ನಂಬಿ ಆರಿಸುವುದೂ ಬೇಡ: ಮೊದಲ ವಾರ ಹತ್ತಕ್ಕೆ ಹತ್ತು ಕೊಡುವ ಅಭಿಮಾನಿಗಳು, ಒಂದು ಕೊಡುವ ಎದುರಾಳಿಗಳು ಇಬ್ಬರೂ ಅಲ್ಲೇ ಇರುತ್ತಾರೆ.

ಹಲವು ವರ್ಷ ಇಲ್ಲಿ ರೇಟಿಂಗ್ ಹಾಕಿದವರು ಅದನ್ನು ಬಿಟ್ಟು ಬರಬೇಕಿಲ್ಲ. ಕಂಪ್ಯೂಟರಿನಲ್ಲಿ ರೇಟಿಂಗ್ ಪುಟ ತೆರೆದು ಎಕ್ಸ್‌ಪೋರ್ಟ್ ಮಾಡಿದರೆ ಸಿಎಸ್‌ವಿ ಫೈಲ್ (ಶೀಟಿನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಸಿಗುತ್ತದೆ. ಅದನ್ನು ಲೆಟರ್‌ಬಾಕ್ಸ್ಡ್ ಹಾಗೆಯೇ ಸ್ವೀಕರಿಸಿ, ಹತ್ತರ ಅಂಕವನ್ನು ಐದು ಸ್ಟಾರಿಗೆ ಇಳಿಸಿಕೊಳ್ಳುತ್ತದೆ.

ಟ್ರ್ಯಾಕ್ಟ್: ತಾನಾಗಿ ಬರೆದುಕೊಳ್ಳುವುದು

ಬರೆಯಲು ಉದಾಸೀನ ಇರುವವರಿಗೆ, ಸೀರೀಸನ್ನೂ ನೋಡುವವರಿಗೆ ಇದು. ಕೋಡಿ, ಪ್ಲೆಕ್ಸ್, ಜೆಲ್ಲಿಫಿನ್‌ನಂಥ ಪ್ಲೇಯರ್‌ಗಳಿಗೆ ಜೋಡಿಸಿದರೆ ನೋಡಿದ್ದು ತಾನಾಗಿಯೇ ದಾಖಲಾಗುತ್ತದೆ. ಸಿನಿಮಾದ 80 ಶೇಕಡಾ ದಾಟಿದಾಗ ನಿಲ್ಲಿಸಿದರೆ ‘ನೋಡಿದ್ದು’ ಎಂದು ಲೆಕ್ಕ. ಅದಕ್ಕಿಂತ ಮೊದಲು ನಿಲ್ಲಿಸಿದರೆ ಅರ್ಧಕ್ಕೆ ಬಿಟ್ಟದ್ದು ಎಂದು ಲೆಕ್ಕ. ಎರಡು ಗಂಟೆಯ ಸಿನಿಮಾದಲ್ಲಿ ಕೊನೆಯ 24 ನಿಮಿಷ ನೋಡದೆ ನಿದ್ದೆ ಹೋದರೂ ಅದು ಪೂರ್ತಿಯೆಂದೇ ಬರೆದುಕೊಳ್ಳುತ್ತದೆ.

ಥಿಯೇಟರಿನಲ್ಲಿ ನೋಡಿದ್ದಕ್ಕೆ ಇದರ ಯಾಂತ್ರಿಕತೆಯಿಂದ ಏನೂ ಉಪಯೋಗವಿಲ್ಲ, ಕೈಯಲ್ಲೇ ಹಾಕಬೇಕು. ಮನೆಮಂದಿಗೆಲ್ಲ ಒಂದೇ ಟಿವಿ, ಒಂದೇ ಪ್ರೊಫೈಲ್ ಇದ್ದರೆ ಮಕ್ಕಳ ಕಾರ್ಟೂನೂ ನಿಮ್ಮ ಇತಿಹಾಸಕ್ಕೇ ಸೇರುತ್ತದೆ. ಮೊದಲು ಪ್ರೊಫೈಲ್ ಬೇರೆ ಮಾಡಿ, ಆಮೇಲೆ ಜೋಡಿಸಿ. 2025ರ ಆರಂಭದಲ್ಲಿ ಟ್ರ್ಯಾಕ್ಟ್ ಉಚಿತ ಖಾತೆಯ ಪಟ್ಟಿಗಳಿಗೆ ಮಿತಿ ಹಾಕಿ, ವಿಐಪಿ ಚಂದಾವನ್ನು ವರ್ಷಕ್ಕೆ 60 ಡಾಲರಿಗೆ ಏರಿಸಿತು. ಬರೇ ಸಿನಿಮಾ ನೋಡುವವರು ಅಷ್ಟು ಕೊಡುವುದರಲ್ಲಿ ಅರ್ಥ ಕಾಣುವುದಿಲ್ಲ. ಸೀರೀಸ್, ಅನಿಮೆ, ಸಿನಿಮಾ ಮೂರೂ ಒಂದೇ ಕಡೆ ಬೇಕೆನ್ನುವ ಮಣಿಪಾಲದ ಹಾಸ್ಟೆಲ್ ಹುಡುಗರು ಸಿಂಕಲ್ ಎಂಬ ಆ್ಯಪನ್ನೂ ಒಮ್ಮೆ ನೋಡಬಹುದು.

ಗೂಗಲ್ ಫಾರ್ಮ್ ಮತ್ತು ಶೀಟ್: ಆ್ಯಪ್ ಬೇಡ ಎನ್ನುವವರಿಗೆ

ನೋಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ತುಳು, ಕೊಂಕಣಿ ಆದರೆ, ಅಥವಾ ನಾಟಕ, ಯಕ್ಷಗಾನದ ಲೆಕ್ಕವೂ ಜೊತೆಗೇ ಬೇಕಾದರೆ, ಇದಕ್ಕಿಂತ ಒಳ್ಳೆಯದಿಲ್ಲ. ಯಾವ ದತ್ತಾಂಶದ ಹಂಗೂ ಇಲ್ಲ, ನೀವು ಬರೆದದ್ದೇ ಸಿನಿಮಾದ ಹೆಸರು.

ಗೂಗಲ್ ಫಾರ್ಮ್ ಒಂದು ಮಾಡಿ. ಪ್ರಶ್ನೆಗಳು ಏಳು: ಹೆಸರು, ವರ್ಷ, ನೋಡಿದ ದಿನ, ಭಾಷೆ, ಎಲ್ಲಿ, ಸ್ಟಾರ್, ಒಂದು ಸಾಲು. ಭಾಷೆಗೂ ಜಾಗಕ್ಕೂ ಡ್ರಾಪ್‌ಡೌನ್ ಇಡಿ. ಟೈಪ್ ಮಾಡಲು ಬಿಟ್ಟರೆ ಒಂದೇ ಥಿಯೇಟರಿಗೆ ನಾಲ್ಕು ಹೆಸರಾಗುತ್ತದೆ. ಹೆಸರು ಮತ್ತು ದಿನ ಮಾತ್ರ ಕಡ್ಡಾಯ ಮಾಡಿ, ಉಳಿದದ್ದು ಐಚ್ಛಿಕ. ಫಾರ್ಮ್ ತಾನಾಗಿ ಹಾಕುವ ಸಮಯವನ್ನು ನಂಬಿ ‘ನೋಡಿದ ದಿನ’ವನ್ನು ಬಿಡಬೇಡಿ, ಯಾಕೆಂದರೆ ನಾಲ್ಕು ದಿನ ಬಿಟ್ಟು ತುಂಬಿಸುವುದು ಇದ್ದದ್ದೇ. ಉತ್ತರಗಳ ವಿಭಾಗದಲ್ಲಿ ಶೀಟಿಗೆ ಜೋಡಿಸಿ, ಫೋನಿನ ಕ್ರೋಮ್‌ನಲ್ಲಿ ಫಾರ್ಮ್ ತೆರೆದು, ಮೂರು ಚುಕ್ಕಿಯ ಮೆನುವಿನಿಂದ ಹೋಮ್ ಸ್ಕ್ರೀನಿಗೆ ಸೇರಿಸಿ. ಅಲ್ಲಿಗೆ ಅದೂ ಒಂದು ಆ್ಯಪ್‌ನಂತೆಯೇ ಕಾಣುತ್ತದೆ.

ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಹೋದರೆ ಫಾರ್ಮ್ ತೆರೆಯುವುದಿಲ್ಲ. ಶೀಟ್ಸ್ ಆ್ಯಪ್‌ನಲ್ಲಿ ಆ ಫೈಲಿಗೆ ಆಫ್‌ಲೈನ್ ಸೌಲಭ್ಯ ಹಾಕಿಟ್ಟರೆ ನೇರವಾಗಿ ಸಾಲು ಸೇರಿಸಬಹುದು, ನೆಟ್ ಬಂದಾಗ ಅದು ಸೇರಿಕೊಳ್ಳುತ್ತದೆ. ಇನ್ನೊಂದು ತಾಪತ್ರಯ: ಕನ್ನಡ ಅಕ್ಷರವಿರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಅಕ್ಷರವೆಲ್ಲ ಚಿತ್ರವಿಚಿತ್ರವಾಗುತ್ತದೆ. ಡೇಟಾ ಮೆನುವಿನಿಂದ ಸಿಎಸ್‌ವಿ ತರಿಸಿಕೊಂಡು, ಎನ್‌ಕೋಡಿಂಗ್‌ನಲ್ಲಿ 65001 ಯುಟಿಎಫ್-8 ಆರಿಸಿದರೆ ಸರಿಹೋಗುತ್ತದೆ. ಕೆಟ್ಟು ಕಂಡದ್ದನ್ನು ಹಾಗೆಯೇ ಸೇವ್ ಮಾಡಿದರೆ ಮಾತ್ರ ಮತ್ತೆ ಸರಿಮಾಡಲು ಕಷ್ಟ.

ನಾಳೆ ಮನಸ್ಸು ಬದಲಾಗಿ ಲೆಟರ್‌ಬಾಕ್ಸ್ಡ್‌ಗೆ ಹೋಗಬೇಕೆನಿಸಿದರೆ ಶೀಟಿನ ತಲೆಸಾಲನ್ನು ಇಂಗ್ಲಿಷಿಗೆ ಬದಲಿಸಿ: ಟೈಟಲ್, ಇಯರ್, ವಾಚ್ಡ್‌ಡೇಟ್, ರೇಟಿಂಗ್. ವಾಚ್ಡ್‌ಡೇಟ್ ಎನ್ನುವುದನ್ನು ನಡುವೆ ಜಾಗ ಬಿಡದೆ ಬರೆಯಬೇಕು. ತಾರೀಕು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, 2025-08-15 ಎಂಬಂತೆ ಇರಲಿ. ಬ್ರೌಸರಿನಲ್ಲಿ ಏರಿಸಿದ ಮೇಲೆ ಉಳಿಸುವ ಮೊದಲು ಪಟ್ಟಿ ತೋರಿಸುತ್ತದೆ. ತುಳು ಹೆಸರುಗಳನ್ನು ಅಲ್ಲಿ ಒಂದೊಂದಾಗಿ ನೋಡಿ, ಅದೇ ಹೆಸರಿನ ಬೇರೆ ದೇಶದ ಸಿನಿಮಾಕ್ಕೆ ಗಂಟುಬಿದ್ದಿರುವುದುಂಟು.

ಯಾರಿಗೆ ಯಾವುದು

ತಿಂಗಳಿಗೆ ನಾಲ್ಕೈದು ಸಿನಿಮಾ, ಹಲವು ಭಾಷೆ, ಥಿಯೇಟರೂ ಮನೆಯೂ ಸಮಸಮ ಎನ್ನುವವರು ಲೆಟರ್‌ಬಾಕ್ಸ್ಡ್ ಉಚಿತ ಖಾತೆ ತೆರೆದು ತುಳುವಿಗೆ ಟ್ಯಾಗ್ ಹಾಕಿ. ಕಂಪ್ಯೂಟರಿಗೋ ಟಿವಿ ಬಾಕ್ಸಿಗೋ ಪ್ಲೇಯರ್ ಹಾಕಿ ಸೀರೀಸ್ ನೋಡುವವರಿಗೆ ಟ್ರ್ಯಾಕ್ಟ್. ಅಪ್ಪ, ಅಮ್ಮ, ಮಕ್ಕಳು ಸೇರಿ ಒಂದೇ ಲೆಕ್ಕ ಇಡುವುದಾದರೆ ಫಾರ್ಮ್. ಅದರ ಕೊಂಡಿಯನ್ನು ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಪಿನ್ ಮಾಡಿದರಾಯಿತು. ಐಎಂಡಿಬಿ ಹುಡುಕಾಟಕ್ಕೆ ಮಾತ್ರ. ಎರಡು ಕಡೆ ಬರೆಯುವ ಸಾಹಸ ಬೇಡ, ಮೂರನೆಯ ವಾರಕ್ಕೆ ಎರಡೂ ನಿಲ್ಲುತ್ತವೆ.

ಯಾವ ಓಟಿಟಿಯಲ್ಲಿದೆ ಎಂಬುದಕ್ಕೆ ಜಸ್ಟ್‌ವಾಚ್ ಸಾಕು. ಲೆಟರ್‌ಬಾಕ್ಸ್ಡ್ ತೋರಿಸುವುದೂ ಅದರದ್ದೇ ಮಾಹಿತಿ. ಯೂಟ್ಯೂಬಿನಲ್ಲಿ ನಿರ್ಮಾಪಕರೇ ಹಾಕಿದ ತುಳು ಸಿನಿಮಾಗಳು ಅದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಲೆಟರ್‌ಬಾಕ್ಸ್ಡ್‌ನಲ್ಲಿ ‘ತುಳು, ಬಾಕಿ’ ಎಂದೊಂದು ಪಟ್ಟಿ ಮಾಡಿ, ಪ್ರತಿ ಸಿನಿಮಾದ ಟಿಪ್ಪಣಿಯಲ್ಲಿ ಆ ಕೊಂಡಿ ಅಂಟಿಸಿಡಿ.

ಹಳೆಯದನ್ನು ತುಂಬಿಸುವುದು, ಮುಂದಿನದನ್ನು ಇಡುವುದು

ಹುಟ್ಟಿದಂದಿನಿಂದ ನೋಡಿದ್ದನ್ನೆಲ್ಲ ತುಂಬಿಸಲು ಕೂತರೆ ಅಭ್ಯಾಸ ಅಲ್ಲಿಗೇ ಸುಸ್ತು. ಕಳೆದ ಒಂದು ವರ್ಷದ್ದು ಸಾಕು. ಥಿಯೇಟರಿನದ್ದು ಬುಕ್‌ಮೈಶೋ ಬುಕಿಂಗ್ ಇತಿಹಾಸದಲ್ಲೂ ಈಮೇಲಿನಲ್ಲೂ ಸಿಗುತ್ತದೆ. ಕೌಂಟರಿನಲ್ಲಿ ಕೊಂಡ ಟಿಕೆಟ್ ಇಟ್ಟುಕೊಂಡಿದ್ದರೆ ಈಗಲೇ ಫೋಟೊ ತೆಗೆಯಿರಿ, ಥರ್ಮಲ್ ಕಾಗದದ ಅಕ್ಷರ ಮಾಸಿಹೋಗುತ್ತದೆ. ನೆಟ್‌ಫ್ಲಿಕ್ಸಿನದ್ದು ಬ್ರೌಸರಿನಲ್ಲಿ ಖಾತೆಯ ವೀಕ್ಷಣಾ ಇತಿಹಾಸದ ಪುಟದ ಕೆಳಗೆ ಇಳಿಸಿಕೊಳ್ಳಬಹುದು. ಆ ಫೈಲಿನಲ್ಲಿ ಹೆಸರು, ತಾರೀಕು ಎರಡೇ ಇರುತ್ತವೆ. ಸೀಸನ್, ಎಪಿಸೋಡ್ ಎಂದಿರುವ ಸಾಲುಗಳನ್ನು ಅಳಿಸಿ, ತಾರೀಕನ್ನು ಮೇಲೆ ಹೇಳಿದ ಕ್ರಮಕ್ಕೆ ತಂದು, ವರ್ಷ ಸೇರಿಸಿ ಏರಿಸಿ. ಐದು ನಿಮಿಷ ನೋಡಿ ಬಿಟ್ಟ ಸಿನಿಮಾಗಳೂ ಅದರಲ್ಲಿ ಇರುತ್ತವೆ, ಅವನ್ನೂ ತೆಗೆಯಿರಿ. ತಾರೀಕು ನೆನಪಿಲ್ಲದ ಹಳೆಯ ಸಿನಿಮಾಗಳಿಗೆ ಕಣ್ಣಿನ ಗುರುತು ಮಾತ್ರ. ಅಂದಾಜಿನ ತಾರೀಕು ಹಾಕಿದರೆ ಒಂದೇ ದಿನ ನಲವತ್ತು ಸಿನಿಮಾ ನೋಡಿದಂತಾಗಿ ಅಂಕಿಅಂಶವೆಲ್ಲ ಹಾಳು.

ವಾಚ್‌ಲಿಸ್ಟಿಗೆ ಕಡಿವಾಣ ಬೇಕು. ಇನ್ನೂರು ಹೆಸರಿನ ಪಟ್ಟಿ ಎದುರಿಟ್ಟುಕೊಂಡರೆ ಅದೂ ಇನ್ನೊಂದು ಓಟಿಟಿಯಷ್ಟೆ, ಅಲ್ಲೂ ಅರ್ಧ ಗಂಟೆ ಹುಡುಕುತ್ತೀರಿ. ದೊಡ್ಡ ವಾಚ್‌ಲಿಸ್ಟ್ ಇರಲಿ, ಆದರೆ ‘ಈ ತಿಂಗಳು’ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಆರೇ ಸಿನಿಮಾ ಇಡಿ. ಒಂದನ್ನು ನೋಡಿದ ಮೇಲಷ್ಟೇ ಇನ್ನೊಂದು ಸೇರಲಿ. ಆರರಲ್ಲಿ ಎರಡಾದರೂ ಎರಡು ಗಂಟೆಯೊಳಗಿನದ್ದು ಇದ್ದರೆ ವಾರದ ದಿನಕ್ಕೆ ಆಗುತ್ತದೆ. ಹಗಲು ಪುರುಸೊತ್ತಿದ್ದಾಗಲೇ ಮುಂದಿನದನ್ನು ಆರಿಸಿ, ಯಾವ ಓಟಿಟಿಯಲ್ಲಿದೆ ಎಂದು ನೋಡಿಟ್ಟರೆ ರಾತ್ರಿ ಟಿವಿ ಹಾಕಿದ ಕೂಡಲೇ ಸಿನಿಮಾ ಶುರುಮಾಡಬಹುದು. ಆರಿಸಲಾಗದಿದ್ದರೆ ಲೆಟರ್‌ಬಾಕ್ಸ್ಡ್ ವಾಚ್‌ಲಿಸ್ಟನ್ನು ಶಫಲ್ ಕ್ರಮಕ್ಕೆ ಹಾಕಿ, ಮೊದಲು ಬಂದದ್ದನ್ನು ನೋಡಿ.

ಆರು ತಿಂಗಳಿಗೊಮ್ಮೆ, ಯುಗಾದಿಗೂ ದೀಪಾವಳಿಗೂ ಎಂದಿಟ್ಟುಕೊಂಡರೆ ಮರೆಯುವುದಿಲ್ಲ, ಲೆಟರ್‌ಬಾಕ್ಸ್ಡ್ ಸೆಟ್ಟಿಂಗ್ಸ್‌ನಿಂದ ದತ್ತಾಂಶ ಇಳಿಸಿಕೊಳ್ಳಿ. ಬರುವ ಜಿಪ್ ಫೈಲಿನೊಳಗೆ ದಿನಚರಿ, ರೇಟಿಂಗ್, ವಾಚ್‌ಲಿಸ್ಟ್, ವಿಮರ್ಶೆ ಬೇರೆಬೇರೆ ಸಿಎಸ್‌ವಿಗಳಾಗಿ ಇರುತ್ತವೆ. ಡ್ರೈವ್‌ಗೆ ಹಾಕುವ ಮೊದಲು ದಿನಚರಿಯ ಫೈಲನ್ನು ತೆರೆದು, ಕೊನೆಯ ಸಾಲಿನಲ್ಲಿ ನೀವು ಇತ್ತೀಚೆಗೆ ನೋಡಿದ ಸಿನಿಮಾವೇ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ತಾರೀಕಿಲ್ಲದೆ ಕಣ್ಣಿನ ಗುರುತನ್ನಷ್ಟೇ ಒತ್ತಿದ್ದೀರಿ.